ಯೆಹೂದ್ಯರ ಪರವಾಗಿ ನಿಲ್ಲುವುದು ಕ್ರೈಸ್ತರ ಹೊಣೆಯೇ?

ಪರ: ಮೊದಲು ಸಾಲ ತೀರಿಸೋಣ

ಬೀದರಿನ ನಮ್ಮ ಚರ್ಚಿನಲ್ಲಿ ಶುಭ ಶುಕ್ರವಾರದ ನಾಟಕ ಬಂತೆಂದರೆ ನನಗೆ ಸಿಗುತ್ತಿದ್ದ ಪಾತ್ರ ಒಂದೇ. ಗುಂಪಿನಲ್ಲಿ ನಿಂತು "ಶಿಲುಬೆಗೆ ಹಾಕಿಸು" ಎಂದು ಕೂಗುವ ಯೆಹೂದ್ಯ. ಕಾಡಿಗೆಯಿಂದ ಗಡ್ಡ ಬರೆದು, ಅವ್ವನ ಹಳೇ ಪಟ್ಟೆ ಸೀರೆ ತಲೆಗೆ ಸುತ್ತಿದರೆ ವೇಷ ಮುಗಿಯಿತು. ಮರಿಯಳಿಗೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಸೀರೆ. ಆಕೆಯೂ ಯೆಹೂದ್ಯಳು, ಪೇತ್ರ ಪೌಲರೂ ಯೆಹೂದ್ಯರು, ಯೇಸುವೂ ಯೆಹೂದ್ಯನೇ ಎಂದು ನಮಗೆ ಯಾರೂ ಹೇಳಲಿಲ್ಲ. ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದರೂ ಒಬ್ಬ ಯೆಹೂದ್ಯನ ಮುಖ ನಾನು ನೋಡಿಲ್ಲ. ಆದರೆ ಅವರ ಮೇಲೆ ಕೂಗಿದ್ದೇನೆ.

ನಮ್ಮದು ಮಕ್ಕಳಾಟ, ಹೌದು. ಬೇರೆ ಕಡೆ ಅದು ಆಟವಾಗಿ ಉಳಿಯಲಿಲ್ಲ. 1096ರಲ್ಲಿ ಯೆರೂಸಲೇಮ್ ಗೆಲ್ಲಲೆಂದು ಶಿಲುಬೆಯುದ್ಧಕ್ಕೆ ಹೊರಟ ಗುಂಪುಗಳು ರೈನ್ ನದಿಯ ದಂಡೆಯ ಊರುಗಳಲ್ಲಿ ಯೆಹೂದ್ಯರನ್ನು ಕಡಿದವು. 1543ರಲ್ಲಿ ಮಾರ್ಟಿನ್ ಲೂಥರ್ ಯೆಹೂದ್ಯರ ಸಭಾಮಂದಿರಗಳನ್ನು ಸುಡಿರಿ ಎಂದು ಬರೆದ. ನಾವು ಪ್ರೊಟೆಸ್ಟಂಟರು ಹೆಮ್ಮೆಯಿಂದ ಹೆಸರು ಹೇಳುವ ಅದೇ ಲೂಥರ್. ಹಿಟ್ಲರನ ಕಾಲಕ್ಕೆ 60 ಲಕ್ಷ ಯೆಹೂದ್ಯರು ಹೋದರು.

ಯುರೋಪಿನ ಪಾಪ ನಮಗೇಕೆ ಅಂತೀರಾ? ಗೋವಾಕ್ಕೆ ಬನ್ನಿ. ಗಾರ್ಸಿಯಾ ದ ಓರ್ಟಾ ಎಂಬ ವೈದ್ಯ ಅಲ್ಲಿದ್ದ. ನಮ್ಮ ಬಹಮನಿ ರಾಜ್ಯ ಒಡೆದು ಹುಟ್ಟಿದ ಅಹಮದನಗರದ ಸುಲ್ತಾನನಿಗೂ ಮದ್ದು ಕೊಟ್ಟವನು. ಮೇಲೆ ಕ್ರೈಸ್ತ, ವಂಶದಿಂದ ಯೆಹೂದ್ಯ. 1568ರಲ್ಲಿ ತೀರಿಕೊಂಡ. ಹನ್ನೆರಡು ವರ್ಷದ ಮೇಲೆ ಗೋವಾದ ಧರ್ಮವಿಚಾರಣೆಯವರು, ಅಂದರೆ ಧರ್ಮ ತಪ್ಪಿದವರನ್ನು ಶಿಕ್ಷಿಸುವ ಚರ್ಚಿನ ನ್ಯಾಯಾಲಯದವರು, ಅವನ ಎಲುಬು ಅಗೆದು ತೆಗೆದು ಸುಟ್ಟರು. ಸತ್ತವನನ್ನೂ ಬಿಡಲಿಲ್ಲ ನೋಡಿ. ಅದೇ ಕಡಲ ದಂಡೆಯಲ್ಲಿ, ಕೊಂಕಣದ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಗಾಣ ಆಡಿಸಿಕೊಂಡಿದ್ದರು. ಶನಿವಾರ ಗಾಣ ನಿಲ್ಲಿಸುತ್ತಾರೆಂದು ಊರವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು, ಅಷ್ಟೇ.

ಪೌಲನು ರೋಮಾದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಯೆಹೂದ್ಯರಲ್ಲದ ನಮ್ಮನ್ನು ಅವರ ಮರಕ್ಕೆ ಕಸಿ ಕಟ್ಟಿದ ಕಾಡು ಕೊಂಬೆ ಎನ್ನುತ್ತಾನೆ. ಬೇರನ್ನು ನೀನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ ಎಂದು ಎಚ್ಚರಿಸುತ್ತಾನೆ. 2023ರ ಅಕ್ಟೋಬರ್ 7ರಂದು ಗಾಜಾದ ಹಮಾಸ್‌ನವರು ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, 250ರಷ್ಟು ಜನರನ್ನು ಹೊತ್ತೊಯ್ದಾಗ ಬುಧವಾರದ ಪ್ರಾರ್ಥನೆಯಲ್ಲಿ ಅವರಿಗಾಗಿ ಬೇಡಲು ನಾನು ಎದ್ದು ನಿಂತೆ. "ಗಾಜಾದವ್ರಿಗೆ ಯಾಕಿಲ್ರಿ ಮಾಸ್ತರ?" ಎಂದು ಒಬ್ಬ ಹುಡುಗ ಕೇಳಿದ. "ನೀ ಮಾಡಪಾ, ನಾ ಆಮೆನ್ ಅಂತೀನಿ" ಅಂದೆ. ಅವನು ಮಾಡಿದ, ನಾನೂ ಅಂದೆ. ಲೋಕದ ಸಕಲರಿಗಾಗಿ ಎನ್ನುವ ಪ್ರಾರ್ಥನೆ ಎರಡು ನಿಮಿಷಕ್ಕೆ ಮುಗಿಯುತ್ತದೆ, ಒಂದು ಮುಖವೂ ಕಣ್ಣ ಮುಂದೆ ಬರುವುದಿಲ್ಲ. ಬಾಕಿ ಇಟ್ಟ ಮನೆಗೆ ಮೊದಲು ಹೋಗಬೇಕು.

ವಿರೋಧ: ಪ್ರಾರ್ಥನೆ ಸರಿ, ಬಾವುಟ ಏಕೆ?

ಮಾಸ್ತರು ಹೇಳಿದ ನಾಟಕದಲ್ಲಿ ಈಗ ನನ್ನ ಮಗ ಕೂಗುತ್ತಾನೆ. ಅವರು ಹೇಳಿದ ಚರಿತ್ರೆಯಲ್ಲಿ ಒಂದಕ್ಷರವನ್ನೂ ನಾನು ತೆಗೆಯುವುದಿಲ್ಲ. ಆದರೆ ಗೋವಾದಲ್ಲಿ ಎಲುಬು ಸುಟ್ಟ ಕಾಲಕ್ಕೆ ನಮ್ಮ ಹಿರಿಯರು ಊರಾಚೆ ಇದ್ದರು, ಊರ ಬಾವಿ ಮುಟ್ಟುವಂತಿರಲಿಲ್ಲ. ಮೆಥಡಿಸ್ಟ್ ಮಿಷನ್ನಿನವರು ಈ ಕಡೆ ಬಂದ ಮೇಲೆ ಚರ್ಚಿನ ಬಾಗಿಲು ಕಂಡವರು. ಆ ಸಾಲದ ಪತ್ರಕ್ಕೆ ನಮ್ಮ ಹೆಬ್ಬೆಟ್ಟು ಯಾರು ಒತ್ತಿಸಿದರು?

ನಮ್ಮ ಗೊಂದಲ ಒಂದು ಅಕ್ಷರದಲ್ಲಿದೆ. ಸತ್ಯವೇದದಲ್ಲಿ 'ಇಸ್ರಾಯೇಲ್', ಪೇಪರಿನಲ್ಲಿ 'ಇಸ್ರೇಲ್'. ಮೊದಲನೆಯದು ಯಾಕೋಬನ ವಂಶ, ಎರಡನೆಯದು 1948ರ ಮೇ 14ರಂದು ಹುಟ್ಟಿದ ದೇಶ. ಅದಕ್ಕೆ ಸೈನ್ಯ, ಚುನಾವಣೆ, ತಪ್ಪು ಮಾಡುವ ಮಂತ್ರಿಗಳು, ಎಲ್ಲ ಇವೆ. ಬಾಯಿಬಿಟ್ಟು ಪ್ರಾರ್ಥಿಸುವಾಗ ಎರಡೂ ಒಂದೇ ಆಗಿಬಿಡುತ್ತವೆ. ಹೋದ ವರ್ಷ ಯಾರೋ ಹುಡುಗರು ಆನ್‌ಲೈನಿನಲ್ಲಿ ತರಿಸಿದ ಅಂಗೈಯಗಲದ ನೀಲಿ ನಕ್ಷತ್ರದ ಇಸ್ರೇಲ್ ಬಾವುಟವನ್ನು ಪ್ರಸಂಗಪೀಠದ ಕಾಲಿಗೆ ಕಟ್ಟಿದರು, ಹೂಮಾಲೆಯ ದಾರದಿಂದ. ಈಗಲೂ ಅಲ್ಲೇ ಇದೆ.

ಅದೇ 1948ರ ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಪೊಲೀಸ್ ಕಾರ್ಯಾಚರಣೆ ಆಯಿತು, ಭಾರತದ ಸೈನ್ಯ ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡಿತು. ನಿಜಾಮನ ಪರ ಹೊಡೆದಾಡಿದ ರಜಾಕಾರರು ಮಾಡಿದ್ದಕ್ಕೆ ಏನೂ ಮಾಡದ ಸಾಬರು ಸತ್ತರು. ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೈದರಾಬಾದ್ ಸಂಸ್ಥಾನದಾದ್ಯಂತ 27 ಸಾವಿರದಿಂದ 40 ಸಾವಿರ ಜನ ಎಂದು ಅಂದಾಜಿಸಿತು. ಬೀದರ್, ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗಾ ಕಡೆ ಹೆಚ್ಚು. ನಮ್ಮ ಓಣಿಯ ಚಾಚಿ ರಂಜಾನಿಗೆ ಶೀರ್‌ಖುರ್ಮಾ ತಂದು ಕೊಡುತ್ತಾರೆ, ಕ್ರಿಸ್ಮಸ್‌ಗೆ ನಾವು ಕರ್ಜಿಕಾಯಿ ಕಳಿಸುತ್ತೇವೆ. ಆ ಬಾವುಟದ ಫೋಟೋ ಅವರ ಮೊಬೈಲಿಗೆ ಬಂದ ದಿನ ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿ ಇತ್ತು. ಮುಖ ಕಾಣದ ಜನಕ್ಕೆ ಮೊದಲು ಹೋಗಬೇಕು ಎನ್ನುವ ಮಾಸ್ತರು, ದಿನಾ ಮುಖ ಕಾಣುವವರಿಗೆ ಯಾವ ಬುಧವಾರ ಇಟ್ಟಿದ್ದಾರೆ?

ಇನ್ನು ಗಾಜಾ. 2023ರ ಅಕ್ಟೋಬರಿನಲ್ಲೇ ಅಲ್ಲಿನ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಸರೆ ಪಡೆದಿದ್ದ ಕ್ರೈಸ್ತರು ಇಸ್ರೇಲಿನ ಬಾಂಬಿಗೆ ಸತ್ತರು. ನಮಗಿಂತ ಎಷ್ಟೋ ಶತಮಾನ ಮೊದಲೇ ದೀಕ್ಷಾಸ್ನಾನ ಕಂಡ ಜನ. ಅವರ ಜೊತೆ ನಿಲ್ಲದೆ ಯಾವ ಬೇರಿನ ಮಾತು? ಪ್ರವಾದಿ ಆಮೋಸನ ಗ್ರಂಥದ 9ನೇ ಅಧ್ಯಾಯದಲ್ಲಿ ದೇವರೇ ಇಸ್ರಾಯೇಲ್ಯರನ್ನು ಕೇಳುತ್ತಾನೆ: ನನಗೆ ನೀವು ಕೂಷ್ಯರ ಹಾಗೆಯೇ ಅಲ್ಲವೇ? ಫಿಲಿಷ್ಟಿಯರನ್ನೂ ನಾನೇ ಕರೆತರಲಿಲ್ಲವೇ? ಕೂಷ್ಯರೆಂದರೆ ದೂರದ ಆಫ್ರಿಕದವರು, ಫಿಲಿಷ್ಟಿಯರೆಂದರೆ ಇಸ್ರಾಯೇಲ್ಯರ ವೈರಿಗಳು. ಆ ವಚನದ ಮೇಲೆ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ.

ಯೆಹೂದ್ಯರನ್ನು ಹೀನಾಯ ಮಾಡುವುದನ್ನು ನಿಲ್ಲಿಸೋಣ, ಅದು ನಮ್ಮ ಕೈಯಲ್ಲೇ ಇದೆ. ಈ ಸಲದ ನಾಟಕದಲ್ಲಿ ನನ್ನ ಮಗನ ತಲೆಗೆ ಸುತ್ತುವ ಪಟ್ಟೆ ಸೀರೆಯನ್ನೇ ಮರಿಯಳಿಗೂ ಉಡಿಸಿರಿ ಎಂದೆ. ಮಾಸ್ತರು ತಕ್ಷಣ ಒಪ್ಪಿದರು. ಬಾವುಟ ಬಿಚ್ಚುವ ಮಾತಿಗೆ "ಕಮಿಟಿಯೊಳಗ ಇಡೋಣವ್ವಾ" ಅಂದರು.