ಚೌತಿ ಹಿಂದಿನ ರಾತ್ರಿ ಯಾಕೆ ಕೋರ್ಟಿಗೆ ಓಡಬೇಕು?

ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ಹತ್ತಿರ ನಾನು ಬಾಳೆಹಣ್ಣು ಕೊಳ್ಳುವ ಅಕ್ಕ ಒಬ್ಬರಿದ್ದಾರೆ. ಇಲ್ಲಿನ ಈದ್ಗಾ ಮೈದಾನದಲ್ಲಿ ಗಣೇಶ ಕೂರಿಸಬಹುದೋ ಇಲ್ಲವೋ ಅನ್ನೋ ತಕರಾರು ಕೋರ್ಟಿಗೆ ಹೋಗೋದರಿಂದ, ಗಣೇಶ ಹಬ್ಬ ಬಂತೆಂದರೆ ಅವರದು ಒಂದೇ ಪ್ರಶ್ನೆ. "ಕೋರ್ಟ್‌ನ್ಯಾಗ ಏನಾತರೀ? ನಾಳಿ ಗಾಡಿ ಹಚ್ಚಲೋ ಬ್ಯಾಡೋ?" ಹಬ್ಬಕ್ಕೆ ವ್ಯಾಪಾರ ಜೋರು. ಆದರೆ ಬ್ಯಾರಿಕೇಡ್ ಬಿದ್ದರೆ ತಂದ ಗೊನೆ ಗಾಡಿಯಲ್ಲೇ ಕಪ್ಪಾಗುತ್ತೆ.

2022ರ ಆಗಸ್ಟ್ 30 ನೆನಪಿದೆ ಅಲ್ವಾ? ಮರುದಿನ ಚೌತಿ. ಬೆಂಗಳೂರಿನ ಚಾಮರಾಜಪೇಟೆ ಈದ್ಗಾ ಮೈದಾನದಲ್ಲಿ ಯಥಾಸ್ಥಿತಿ ಇರಲಿ, ಅಂದರೆ ಗಣೇಶ ಕೂರಿಸೋದು ಬೇಡ ಎಂದು ಸುಪ್ರೀಂ ಕೋರ್ಟ್ ಸಂಜೆ ಹೇಳಿತು. ಅದೇ ರಾತ್ರಿ ಧಾರವಾಡ ಹೈಕೋರ್ಟ್ ಪೀಠ ನಮ್ಮ ಹುಬ್ಬಳ್ಳಿ ಈದ್ಗಾ ಮೈದಾನದಲ್ಲಿ ಗಣೇಶ ಕೂರಿಸಲು ಒಪ್ಪಿತು. ಒಂದೇ ದಿನ ಎರಡು ತೀರ್ಪು ಹೇಗೆ ಅಂತ ತುಂಬಾ ಜನ ಕೇಳಿದರು. ವ್ಯತ್ಯಾಸ ಇರುವುದು ಜಾಗದ ಕಾಗದದಲ್ಲಿ. ಚಾಮರಾಜಪೇಟೆ ಜಾಗ ಯಾರದು ಅನ್ನೋದೇ ತಗಾದೆ. ನಮ್ಮಲ್ಲಿ ಆ ತಗಾದೆ 2010ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಮುಗಿದಿದೆ. ಜಾಗ ಪಾಲಿಕೆಯದು. ಇಲ್ಲಿನ ಮುಸ್ಲಿಮರ ಸಂಸ್ಥೆ ಅಂಜುಮನ್‌ನವರು ವರ್ಷಕ್ಕೆ ಎರಡು ಸಲ, ರಂಜಾನ್ ಮತ್ತು ಬಕ್ರೀದ್‌ಗೆ, ನಮಾಜ್ ಮಾಡಬಹುದು.

ಅಮೆರಿಕದಲ್ಲೂ 2005ರ ಜೂನ್ 27ರಂದು ಹೀಗೇ ಆಯ್ತು. ಕ್ರೈಸ್ತರ, ಯಹೂದಿಗಳ ಹತ್ತು ಆಜ್ಞೆಗಳ ಕಲ್ಲು ಟೆಕ್ಸಾಸ್ ವಿಧಾನಭವನದ ಆವರಣದಲ್ಲಿ ಇರಬಹುದು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್. ಅವೇ ಆಜ್ಞೆಗಳನ್ನು ಕೆಂಟಕಿಯ ಕೋರ್ಟ್ ಕಟ್ಟಡಗಳ ಗೋಡೆಗೆ ಹಾಕಿದ್ದು ತಪ್ಪು ಎಂದಿತು. ಟೆಕ್ಸಾಸಿನ ಕಲ್ಲು ನಲವತ್ತು ವರ್ಷ ಯಾರ ತಕರಾರೂ ಇಲ್ಲದೆ ನಿಂತಿತ್ತು. ಕೆಂಟಕಿಯಲ್ಲಿ ಅಧಿಕಾರಿಗಳು ಧರ್ಮದ ಉದ್ದೇಶಕ್ಕೇ ಹಾಕಿಸಿದ್ದರು ಅಂತ ಕೋರ್ಟಿಗೆ ಕಂಡಿತು.

ನಮ್ಮ ಹೈಕೋರ್ಟ್ ತೀರ್ಪು ನನಗೆ ಸರಿ ಅನಿಸಿತು. ನಾನೂ ಹೋಗಿ ಗಣಪನಿಗೆ ಕೈ ಮುಗಿದು ಬಂದೆ. ಅದೇ ನವೆಂಬರ್‌ನಲ್ಲಿ ಅಲ್ಲೇ ಟಿಪ್ಪು ಜಯಂತಿಗೂ ಪಾಲಿಕೆ ಒಪ್ಪಿತು, ಅದೂ ಸರಿಯೇ. ಸಾರ್ವಜನಿಕ ಜಾಗ ಅಂದ ಮೇಲೆ ಒಬ್ಬರಿಗೆ ತೆರೆದ ಗೇಟು ಇನ್ನೊಬ್ಬರಿಗೂ ತೆರೆಯಬೇಕು.

ನನ್ನ ಸಂಕಟ ಬೇರೆ. 1994ರ ಆಗಸ್ಟ್ 15ರಂದು ಇದೇ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ಗಲಾಟೆಯಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. ಆಗ ನಾನು ಶಾಲೆ ಹುಡುಗ. ಕರ್ಫ್ಯೂ ಇದ್ದಾಗ ಅವ್ವ ಕಿಟಕಿ ಮುಚ್ಚಿ, ಹಾಲಿಲ್ಲದ ಚಹಾ ಕಾಸಿ ಕೊಟ್ಟಿದ್ದಳು. ಅದನ್ನು ಕಂಡ ಊರು ಇದು. ಇಲ್ಲಿ ಹಬ್ಬದ ಹಿಂದಿನ ರಾತ್ರಿವರೆಗೆ ನಿರ್ಧಾರ ಎಳೆಯೋದು ದೊಡ್ಡ ತಪ್ಪು. 2023ರಲ್ಲೂ ವಿಷಯ ಮತ್ತೆ ಹೈಕೋರ್ಟ್ ಮೆಟ್ಟಿಲು ಹತ್ತಿತು.

ಪಾಲಿಕೆ ಒಂದು ನಿಯಮ ಬರೆದು ಗೇಟಿಗೆ ಹಚ್ಚಲಿ. ಎಷ್ಟು ದಿನ, ಅರ್ಜಿ ಯಾವಾಗ, ಪೆಂಡಾಲ್ ಯಾವಾಗ ಬಿಚ್ಚಬೇಕು, ಗೂಟದ ಕುಣಿ ಯಾರು ಮುಚ್ಚಬೇಕು, ಎಲ್ಲಾ ಅದರಲ್ಲಿರಲಿ. ಎಲ್ಲಾ ಧರ್ಮದವರಿಗೂ ಒಂದೇ ಹಾಳೆ. ಹಬ್ಬಕ್ಕೆ ಎರಡು ತಿಂಗಳು ಮುಂಚೆಯೇ ಒಪ್ಪಿಗೆಯೋ ಇಲ್ಲವೋ ತಿಳಿಯಲಿ. ಆಗ ತಕರಾರಿದ್ದವರು ಹಗಲಲ್ಲೇ ಕೋರ್ಟಿಗೆ ಹೋಗಬಹುದು. ಆ ಅಕ್ಕ ಎಷ್ಟು ಗೊನೆ ತರಬೇಕು ಅಂತ ವಾರ ಮೊದಲೇ ಹೇಳಿ ಕಳಿಸಬಹುದು.