ಅಸಲಿ ಹೆಸರು ಹಾಕಿದರೆ ಮನೆ ದಾರಿಯೂ ಸಿಗುತ್ತೆ

ಜಾಲತಾಣಗಳಲ್ಲಿ ಎಲ್ಲರೂ ಅಸಲಿ ಹೆಸರಲ್ಲೇ ಬರೆಯೋದು ಕಡ್ಡಾಯವಾಗಲಿ, ಆಗ ಬೈಗುಳ ನಿಲ್ಲುತ್ತೆ ಅಂತ ಲೇಖನವೊಂದು ವಾದಿಸಿದೆ. 'ತಪ್ಪು ಮಾಡದವರಿಗೆ ಅಸಲಿ ಹೆಸರು ಹಾಕಲು ಏನು ಭಯ' ಅಂತ ಅದರ ಲೇಖಕರು ಕೇಳಿದ್ದಾರೆ. ಕೊಡಗಿಗೆ ಬಂದು ಕೇಳಬೇಕಿತ್ತು. ಇಲ್ಲಿ ಕೊಡವರ ಹೆಸರಿನ ಜೊತೆ ಒಕ್ಕದ, ಅಂದ್ರೆ ಮನೆತನದ ಹೆಸರೂ ಇರುತ್ತೆ. ಅದೊಂದು ಸಾಕು, ಐನ್‌ಮನೆ (ಮನೆತನದ ಮೂಲಮನೆ) ಎಲ್ಲಿ, ಯಾರ ಮಗಳು ಅಂತ ಗೋಣಿಕೊಪ್ಪಲು ಸಂತೆಯಲ್ಲಿ ನಾಲ್ಕು ಜನರನ್ನು ಕೇಳಿದರೆ ಗೊತ್ತಾಗುತ್ತೆ. ಹುಡುಗಿಯೊಬ್ಬಳು ತನಗೆ ಬಂದ ಕೊಳಕು ಮೆಸೇಜಿನ ಬಗ್ಗೆ ಬರೆದರೆ ಬೆಳಗಾಗುವಷ್ಟರಲ್ಲಿ ಮನೆಗೆ ಫೋನು. ತೋಟದ ಮಾಲೀಕರು ಕೊಟ್ಟ ಲೈನ್‌ಮನೆಯಲ್ಲಿರುವ ಕೂಲಿಯವರ ಪಾಡು ಇನ್ನೂ ಕಷ್ಟ: ಕೂಲಿ ಬಾಕಿ ಅಂತ ಸ್ವಂತ ಹೆಸರಲ್ಲಿ ಬರೆದರೆ ಕೆಲಸದ ಜೊತೆ ಸೂರೂ ಹೋಗಬಹುದು.

ಇನ್ನು ಬೈಗುಳ ನಿಲ್ಲುತ್ತೆ ಅನ್ನೋ ಮಾತು. ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಎಲ್ಲರದ್ದೂ ನಿಜವಾದ ಹೆಸರು, ನಂಬರ್, ಡಿಪಿಯಲ್ಲಿ ಮದುವೆ ಫೋಟೋ. ಬೈಗುಳಕ್ಕೇನೂ ಬರ ಇಲ್ಲ ಸ್ವಾಮಿ! ದಕ್ಷಿಣ ಕೊರಿಯಾ 2007ರಲ್ಲೇ ದೊಡ್ಡ ಜಾಲತಾಣಗಳಿಗೆ ಗುರುತಿನ ಪರಿಶೀಲನೆ ಕಡ್ಡಾಯ ಮಾಡಿತ್ತು. 2011ರಲ್ಲಿ ಅಲ್ಲಿ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯ್ತು, 2012ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು. ಬೆದರಿಕೆ ಹಾಕಿದವನನ್ನು ಹಿಡಿಯಲು ಪೊಲೀಸರಿಗೆ ಐಪಿ ವಿಳಾಸ, ಸಿಮ್ ದಾಖಲೆ ಕೇಳುವ ಅಧಿಕಾರ ಇದೆಯಲ್ಲ, ಅದಕ್ಕೆ ನನ್ನ ಹೆಸರು ಊರಿಗೆಲ್ಲ ಯಾಕೆ ಗೊತ್ತಾಗಬೇಕು?