ಕೈ ಸುಡಬಾರದು ಅಂತ ಕೈ ಸುಟ್ಟುಕೊಂಡವರು

ಅಮೆರಿಕದ ಬಂದೂಕುಪ್ರಿಯರ ನಿದ್ದೆ ಕೆಡಿಸಿರುವ ಪ್ರಶ್ನೆ ಯಾವುದು ಗೊತ್ತಾ? ಎಆರ್-15 ರೈಫಲ್ಲಿಗೆ ನಲವತ್ತು ಡಾಲರಿನ ಹ್ಯಾಂಡ್‌ಗಾರ್ಡ್ ಸಾಕೋ, ಮುನ್ನೂರು ಚಿಲ್ಲರೆ ಡಾಲರಿನದೇ ಬೇಕೋ? ಇದರ ಮೇಲೆ ಗಂಟೆಗಟ್ಟಲೆ ವಿಡಿಯೊಗಳಿವೆ. ಒಂದೊಂದನ್ನೂ ತಕ್ಕಡಿಗೆ ಹಾಕಿ ಔನ್ಸ್ ಲೆಕ್ಕದಲ್ಲಿ ತೂಗುವವರಿದ್ದಾರೆ. ನಮ್ಮಲ್ಲಿ ಸೈಟು ಕೊಳ್ಳುವವರೂ ಇಷ್ಟು ವಿಚಾರಿಸುವುದಿಲ್ಲ.

ಗುಂಡು ಹಾರಿದರೆ ನಳಿಗೆ ಕಾಯುತ್ತದೆ. ಕಾದ ನಳಿಗೆ ಮುಟ್ಟಿದರೆ ಕೈ ಸುಡುತ್ತದೆ. ಸುಡದೇ ಇರಲಿ ಅಂತ ಒಂದು ಕವಚ, ಅದೇ ಹ್ಯಾಂಡ್‌ಗಾರ್ಡ್. ಇಷ್ಟೇ ವಿಷಯ. ಹಿಂದೆ ಈ ಕೆಲಸಕ್ಕೆ ಒಂದು ಮರದ ತುಂಡು ಸಾಕಾಗುತ್ತಿತ್ತು. ಕೊಡಗಿನ ಮನೆಗಳಲ್ಲಿ ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುವ ಹಳೇ ಕೋವಿಗಳನ್ನು ನೋಡಿ. ಮರ ಇದೆ, ಕೈ ಕ್ಷೇಮ, ತಕರಾರಿಲ್ಲ. ವಿಯೆಟ್ನಾಂ ಯುದ್ಧದ ಎಂ16 ರೈಫಲ್ಲಿಗೆ ಪ್ಲಾಸ್ಟಿಕ್ ಬಂತು. ಎಡದ ಹೋಳು ಬೇರೆ, ಬಲದ ಹೋಳು ಬೇರೆ. ಎಡದ್ದು ಮುರಿದರೆ ಎಡದ್ದನ್ನೇ ಹುಡುಕಬೇಕು. ಎಂಬತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮರು ಎರಡನ್ನೂ ಒಂದೇ ಥರ ಮಾಡಿದರು. ಹ್ಯಾಂಡ್‌ಗಾರ್ಡಿನ ಇತಿಹಾಸದಲ್ಲಿ ನಿಜವಾಗಿ ತಲೆ ಓಡಿದ್ದು ಅಲ್ಲೇ ಅಂತ ನನ್ನ ಅಭಿಪ್ರಾಯ.

ಆಮೇಲೆ ಬಂತು ರೈಲು. ಹಳಿಯ ಮೇಲೆ ಓಡುವುದಲ್ಲ, ಪಿಕಟಿನಿ ರೈಲು. 1995ರಲ್ಲಿ ಅಮೆರಿಕದ ಸೇನೆ ಅದಕ್ಕೊಂದು ಅಳತೆ ಗೊತ್ತು ಮಾಡಿತು. ಹ್ಯಾಂಡ್‌ಗಾರ್ಡಿನ ನಾಲ್ಕೂ ಕಡೆ ಗರಗಸದ ಹಲ್ಲಿನಂಥ ಅಲ್ಯೂಮಿನಿಯಂ ಪಟ್ಟಿ. ಅದಕ್ಕೆ ಟಾರ್ಚು ಸಿಕ್ಕಿಸಿ, ಲೇಸರ್ ಸಿಕ್ಕಿಸಿ, ಹಿಡಿ ಸಿಕ್ಕಿಸಿ, ಜಾಗ ಉಳಿದರೆ ಇನ್ನೂ ಏನಾದರೂ ಸಿಕ್ಕಿಸಿ. ಒಂದೇ ತೊಂದರೆ, ಆ ಹಲ್ಲುಗಳು ಅಂಗೈ ಕೀಳುತ್ತವೆ. ಅದಕ್ಕೆ ಮೇಲೆ ರಬ್ಬರ್ ಹೊದಿಕೆ ಮಾರಿದರು. ಅಲ್ಯೂಮಿನಿಯಂ ತಾನೂ ಕಾಯುತ್ತದೆ, ಅದಕ್ಕೆ ಕೈಗವಸು ಮಾರಿದರು. ಕೈ ಕಾಪಾಡಲು ಒಂದು ಕವಚ, ಆ ಕವಚದಿಂದ ಕೈ ಕಾಪಾಡಲು ಇನ್ನೊಂದು, ಎರಡರಿಂದಲೂ ಕಾಪಾಡಲು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಬಿಲ್ಲು. ಇಂಥ ವ್ಯಾಪಾರ ಕಂಡುಹಿಡಿದವರಿಗೆ ಅರ್ಥಶಾಸ್ತ್ರದ ನೊಬೆಲ್ ಕೊಟ್ಟರೂ ತಪ್ಪಿಲ್ಲ.

ಟಾರ್ಚು, ಲೇಸರ್ ಸಿಕ್ಕಿಸಲು ಹಲ್ಲು ಬೇಡ, ತೂತು ಇರಲಿ ಅಂತ ಹೊರಟಾಗ ಧರ್ಮಯುದ್ಧವೇ ಶುರುವಾಯಿತು. 2012ರಲ್ಲಿ ಕೀಮಾಡ್ ಅಂತ ಒಂದು ಬಗೆಯ ತೂತು ಬಂತು. 2014ರಲ್ಲಿ ಮ್ಯಾಗ್‌ಪುಲ್ ಕಂಪನಿಯಿಂದ ಎಂ-ಲಾಕ್ ಅಂತ ಇನ್ನೊಂದು ಬಗೆಯ ತೂತು. ಯಾರ ತೂತು ಶ್ರೇಷ್ಠ ಅಂತ ದೊಡ್ಡ ದೊಡ್ಡ ಗಂಡಸರು ವರ್ಷಗಟ್ಟಲೆ ಜಗಳವಾಡಿದರು. ಕೊನೆಗೆ ಇಂಡಿಯಾನಾದ ಕ್ರೇನ್‌ನಲ್ಲಿರುವ ನೌಕಾಪಡೆಯ ಪ್ರಯೋಗಾಲಯ ಎರಡನ್ನೂ ಜಗ್ಗಿ, ಎಳೆದು, ಬೀಳಿಸಿ ನೋಡಿ ಎಂ-ಲಾಕ್ ಗಟ್ಟಿ ಅಂದಿತು. 2017ರಲ್ಲಿ ವರದಿ ಹೊರಗೆ ಬಂದಾಗ ಕೀಮಾಡ್ ಭಕ್ತರ ಮನೆಗಳಲ್ಲಿ ಸೂತಕ. ದುಬಾರಿ ಕೊಟ್ಟು ಕೊಂಡ ತೂತುಗಳು ರಾತ್ರೋರಾತ್ರಿ ಹಳತಾದವು.

ಸುಮ್ನೆ ಎಲ್ಲವನ್ನೂ ಗೇಲಿ ಮಾಡುವುದೂ ಸರಿಯಲ್ಲ. ಫ್ರೀ ಫ್ಲೋಟ್ ಅನ್ನುವುದರಲ್ಲಿ ಹುರುಳಿದೆ. ಅಲ್ಲಿ ಕವಚ ಹಿಂದಿನ ತುದಿಯಲ್ಲಿ ಮಾತ್ರ ಬಂದೂಕಿಗೆ ಕೂರುತ್ತದೆ, ನಳಿಗೆಯನ್ನು ಎಲ್ಲೂ ಮುಟ್ಟುವುದಿಲ್ಲ. ಹೆಗಲಿಗೆ ಹಾಕುವ ಪಟ್ಟಿ ಎಳೆದರೂ, ಕವಚದ ಮೇಲೆ ಭಾರ ಬಿದ್ದರೂ ಗುರಿ ಅಷ್ಟಾಗಿ ಕದಲುವುದಿಲ್ಲ. ನಲವತ್ತರಿಂದ ನೂರೈವತ್ತಕ್ಕೆ ಏರಿದರೆ ಈ ಲಾಭ ಸಿಗುತ್ತದೆ. ಅಲ್ಲಿಂದ ಮುಂದಿನ ದುಡ್ಡು ಬಹುಪಾಲು ಹೆಸರಿಗೆ, ಬಣ್ಣಕ್ಕೆ. ಕತ್ತಲಲ್ಲಿ ಲೇಸರ್ ನಂಬಿ ಗುಂಡು ಹಾರಿಸುವ ಸೈನಿಕನಿಗೆ ಅದು ಕೂದಲೆಳೆಯಷ್ಟೂ ಅಲ್ಲಾಡಬಾರದು, ಅವನು ದುಬಾರಿಯದನ್ನು ಕೇಳಲಿ, ನ್ಯಾಯ. ಆದರೆ ಭಾನುವಾರ ಬೆಳಿಗ್ಗೆ ನೂರು ಗಜ ದೂರದ ಕಾಗದಕ್ಕೆ ತೂತು ಮಾಡಿ, ಬರ್ಗರ್ ತಿಂದು ಮನೆಗೆ ಬರುವವನಿಗೂ ಅದೇ ಬೇಕಂತೆ. ಅವನಿಗೆ ಯಾವ ರಾತ್ರಿ ಕಾರ್ಯಾಚರಣೆ ಇದೆಯೋ!

ಬಿಸಿ, ಕೈ, ಹಿಡಿ ಅಂದಾಗ ಅಮೆರಿಕದ ವಾಯುಪಡೆಯ ಲೋಟ ನೆನಪಾಗುತ್ತದೆ. 2018ರಲ್ಲಿ ಹೊರಬಂದ ಕಥೆ. ವಿಮಾನದಲ್ಲಿ ನೀರು, ಕಾಫಿ ಬಿಸಿ ಮಾಡುವ ಲೋಟ, ಒಂದಕ್ಕೆ ಸುಮಾರು 1,280 ಡಾಲರ್. ಕೆಳಗೆ ಬಿದ್ದರೆ ಹಿಡಿ ಮುರಿಯುತ್ತಿತ್ತು. ಹಿಡಿ ಬಿಡಿಯಾಗಿ ಸಿಗುತ್ತಿರಲಿಲ್ಲ, ಇಡೀ ಲೋಟವನ್ನೇ ಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಟ್ರಾವಿಸ್ ವಾಯುನೆಲೆಯ ಒಂದು ತುಕಡಿಯೇ 25 ಲೋಟಕ್ಕೆ 32,000 ಡಾಲರ್ ಸುರಿದಿತ್ತು. ಕೊನೆಗೆ ಅಲ್ಲಿಯವರೇ ಹಿಡಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಬಹುದು ಅಂತ ತೋರಿಸಿದರು. ಖರ್ಚು ಸುಮಾರು ಐವತ್ತು ಸೆಂಟ್. ಸೆನೆಟರ್ ಚಕ್ ಗ್ರಾಸ್ಲಿ ಕಾಗದ ಬರೆದು ಲೆಕ್ಕ ಕೇಳಿದ ಮೇಲೆ ಕೊಳ್ಳುವುದು ನಿಂತಿತು. ಸರಕಾರದ ದುಡ್ಡಿಗಾದರೆ ಕೇಳಲು ಒಬ್ಬ ಗ್ರಾಸ್ಲಿ ಇರುತ್ತಾನೆ. ಭಾನುವಾರದ ಸೈನಿಕನದು ಸ್ವಂತ ದುಡ್ಡು. ಹೆಂಡತಿ ಕೇಳಿದರೆ ಅರ್ಧ ಬೆಲೆ ಹೇಳಿದರಾಯಿತು.

ಹ್ಯಾಂಡ್‌ಗಾರ್ಡ್ ಲೋಕದಲ್ಲಿ ಭಕ್ತಿಯಿಂದ ಹೇಳುವ ಹೆಸರುಗಳಲ್ಲಿ ಡೇನಿಯಲ್ ಡಿಫೆನ್ಸ್ ಒಂದು. ಜಾರ್ಜಿಯಾ ರಾಜ್ಯದ ಕಂಪನಿ. ಶುರುವಾಗಿದ್ದು ಬಂದೂಕಿನ ಬಿಡಿಭಾಗಗಳಿಂದ. ವಿಶೇಷ ಪಡೆಗಳಿಗೆ ರೈಲು ಕೊಟ್ಟು ಹೆಸರು ಮಾಡಿತು, ಆಮೇಲೆ ಪೂರ್ತಿ ರೈಫಲ್ಲಿಗೇ ಇಳಿಯಿತು. ಒಳ್ಳೆಯ ಮಾಲು ಅಂತ ಎಲ್ಲರೂ ಒಪ್ಪುತ್ತಾರೆ. ಕೈ ಸುಡುವುದಿಲ್ಲ, ಗುರಿ ತಪ್ಪುವುದಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಉವಾಲ್ಡಿಯಲ್ಲೂ ಮೋಸವಾಗಲಿಲ್ಲ. 2022ರ ಮೇ 24ರಂದು ಟೆಕ್ಸಾಸಿನ ಆ ಊರಿನ ಪ್ರಾಥಮಿಕ ಶಾಲೆಗೆ ನುಗ್ಗಿದವನ ಕೈಯಲ್ಲಿದ್ದದ್ದು ಅದೇ ಕಂಪನಿಯ ರೈಫಲ್, ಸುಮಾರು ಎರಡು ಸಾವಿರ ಡಾಲರಿನದು. ಅವನಿಗೆ ಹದಿನೆಂಟು ತುಂಬಿ ಎಂಟು ದಿನ ಆಗಿತ್ತು. 19 ಮಕ್ಕಳು, ಇಬ್ಬರು ಟೀಚರ್‌ಗಳು. ಮಕ್ಕಳ ಗುರುತು ಹಿಡಿಯಲು ಹೆತ್ತವರಿಂದ ಡಿಎನ್‌ಎ ಮಾದರಿ ಕೇಳಬೇಕಾಯಿತು. ಬಂದ ಪೊಲೀಸರು 376 ಮಂದಿ. ಅವರ ಮೈಮೇಲೂ ಕವಚ ಇತ್ತು, ಕೈಯಲ್ಲೂ ಬಂದೂಕು ಇತ್ತು. ಒಳಗಿರುವವನ ಹತ್ತಿರ ಎಂಥ ರೈಫಲ್ ಇದೆ ಅಂತ ಗೊತ್ತಿದ್ದದ್ದರಿಂದಲೇ ಹೆದರಿದೆವು ಅಂತ ಕೆಲವರು ಆಮೇಲೆ ತನಿಖೆಯಲ್ಲಿ ಹೇಳಿದರು. ಒಂದು ಗಂಟೆಗೂ ಜಾಸ್ತಿ ಹೊತ್ತು ಹೊರಗೇ ನಿಂತರು. ಒಳಗಿನಿಂದ ಮಕ್ಕಳು ಫೋನ್ ಮಾಡುತ್ತಿದ್ದರು.

ಇದರ ಮೇಲೆ ಏನು ತಮಾಷೆ ಮಾಡುವುದು? ನನಗೆ ಬರುವುದಿಲ್ಲ.

ಎರಡು ತಿಂಗಳ ಮೇಲೆ ಕಂಪನಿಯ ಯಜಮಾನ ಮಾರ್ಟಿ ಡೇನಿಯಲ್ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಮಾತಾಡಿದರು. ಇವು ಸ್ಥಳೀಯ ಸಮಸ್ಯೆಗಳು, ಸ್ಥಳೀಯವಾಗಿಯೇ ಬಗೆಹರಿಯಬೇಕು ಅಂದರು. ಮಾರಾಟಕ್ಕೆ ಇಡೀ ದೇಶ ಬೇಕು, ಹೆಣ ಮಾತ್ರ ಆಯಾ ಊರಿನ ಜವಾಬ್ದಾರಿ. ಅದೇ ಸಮಿತಿ ತೆಗೆದ ಲೆಕ್ಕ: ಎಆರ್-15 ಬಗೆಯ ರೈಫಲ್ಲುಗಳಿಂದ ಕಂಪನಿಗೆ 2019ರಲ್ಲಿ ಬಂದದ್ದು ಸುಮಾರು 4 ಕೋಟಿ ಡಾಲರ್, 2021ರಲ್ಲಿ 12 ಕೋಟಿ ದಾಟಿತು.

2024ರ ಮೇ 24ರಂದು ಆ ಮಕ್ಕಳ ಹೆತ್ತವರು ಕಂಪನಿಯ ಮೇಲೆ ಕೋರ್ಟಿಗೆ ಹೋದರು. ಅಲ್ಲಿ ಅವರಿಗೆ ಎದುರಾಗುವುದು 2005ರ ಒಂದು ಕಾನೂನು. ಬೇರೆಯವರು ಬಂದೂಕಿನಿಂದ ಮಾಡಿದ ಅಪರಾಧಕ್ಕೆ ತಯಾರಿಸಿದವರ ಮೇಲೆ ದಾವೆ ಹೂಡುವುದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಜಾರ್ಜ್ ಬುಷ್ ಸಹಿ ಹಾಕಿದ್ದು. ಎಷ್ಟು ಗುಂಡು ಹಾರಿದರೂ ಕಂಪನಿಗಳ ಕೈಗೆ ಬಿಸಿ ತಟ್ಟದ ಹಾಗೆ ಸಂಸತ್ತೇ ಹಾಕಿಕೊಟ್ಟ ಹ್ಯಾಂಡ್‌ಗಾರ್ಡ್ ಅದು. ಇಪ್ಪತ್ತು ವರ್ಷ ಕಳೆದರೂ ಬಿಚ್ಚುವವರಿಲ್ಲ.